ಮನೆಯಲ್ಲೇ ಮಾಡೆಲ್ ರೈಲು ಲೇಔಟ್: ನಮ್ಮ ಕರಾವಳಿಯ ಮಣ್ಣು, ಮಳೆ ನೋಡ್ಕೊಂಡು ಮಾಡುದು ಹೇಗೆ

ಮಾಡೆಲ್ ರೈಲು ಶುರು ಮಾಡ್ಬೇಕು ಅಂತ ಮನಸ್ಸಲ್ಲಿದ್ರೆ ಮೊದ್ಲೇ ಎಂತದೂ ಆರ್ಡರ್ ಮಾಡ್ಬೇಡಿ. ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ಹೋಗಿ ಬಾರ್ಕೂರು ಕಡೆ ಹೋಗುವ ಲೋಕಲ್ ಗಾಡಿ ಹತ್ತಿ, ಕಿಟಕಿ ಪಕ್ಕ ಕೂತ್ಕೊಳ್ಳಿ. ಎರಡೂ ಬದಿ ಕೆಂಪು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಟ್ಟಿಂಗ್, ಅಂದ್ರೆ ಲೈನಿಗೋಸ್ಕರ ಗುಡ್ಡ ಕಡಿದ ಗೋಡೆ ಬರ್ತದೆ, ಅದು ಮುಗಿದ ಕೂಡ್ಲೆ ಗದ್ದೆ, ಅಡಿಕೆ ತೋಟ, ಹಂಚಿನ ಮನೆ, ಮತ್ತೆ ಹೊಳೆ, ಸೇತುವೆ. ಇದರಲ್ಲಿ ಒಂದೇ ಒಂದು ಜಾಗ ಆರಿಸ್ಕೊಳ್ಳಿ, ಅದೇ ನಿಮ್ಮ ಲೇಔಟ್, ಅಂದ್ರೆ ಬೋರ್ಡಿನ ಮೇಲೆ ಹಳಿ, ನೆಲ, ಮನೆ, ಮರ ಎಲ್ಲ ಸೇರಿದ ಸಣ್ಣ ಊರು. ಹಿಮದ ಬೆಟ್ಟ, ಪೈನ್ ಮರ ಇರುವ ರೆಡಿಮೇಡ್ ಸಾಮಾನು ತರಿಸಿ ಮಾಡಿದ್ದು ಎಷ್ಟು ಚಂದ ಇದ್ರೂ ನೋಡುವವರಿಗೆ ಆಟದ ಸಾಮಾನು ಅಂತಲೇ ಕಾಣ್ತದೆ, ಮುರಕಲ್ಲಿನ ಪಕ್ಕದಲ್ಲಿ ಒಂದು ನೀಲಿ ಬೋಗಿ ಹೋದ್ರೆ ಮನೆಗೆ ಬಂದವರು ನಿಂತು ನೋಡ್ತಾರೆ.

ಈಗ ಸ್ಕೇಲ್, ಅಂದ್ರೆ ನಿಜವಾದ ಗಾಡಿಗಿಂತ ಮಾಡೆಲ್ ಎಷ್ಟು ಪಾಲು ಸಣ್ಣದು ಅನ್ನುದು. ಎಚ್‌ಓ ಅಂದ್ರೆ 1:87, ಹಳಿಗಳ ಅಂತರ 16.5 ಮಿ.ಮೀ. ಎನ್ ಅಂದ್ರೆ 1:160, ಅಂತರ 9 ಮಿ.ಮೀ. ನಮ್ಮ ಐಸಿಎಫ್ (ಚೆನ್ನೈ ಫ್ಯಾಕ್ಟರಿಯ ಹಳೇ ಮಾದರಿ) ಬೋಗಿಯ ಉದ್ದ ಸುಮಾರು 21.3 ಮೀಟರ್, ಅದು ಎಚ್‌ಓದಲ್ಲಿ 24.5 ಸೆಂ.ಮೀ. ಆಗ್ತದೆ, ಎನ್‌ನಲ್ಲಿ 13 ಸೆಂ.ಮೀ. ಚಿಲ್ಲರೆ. ಎಚ್‌ಓದಲ್ಲಿ ಹಳಿ ಒಂದು ಸುತ್ತು ಬಂದು ಸೇರ್ಬೇಕಾದ್ರೆ ಕಡಿಮೆ ಅಂದ್ರೂ 18 ಇಂಚಿನ ರೇಡಿಯಸ್ ಬೇಕು, ಅಂದ್ರೆ ಬೋರ್ಡು ನಾಲ್ಕು ಅಡಿ ಅಗಲ, ಅಷ್ಟು ದೊಡ್ಡದು ಫ್ಲ್ಯಾಟಿನ ರೂಮಲ್ಲಿ ಇಟ್ರೆ ನಡೀಲಿಕ್ಕೆ ಜಾಗ ಉಳಿಯುದಿಲ್ಲ, ಅಷ್ಟು ಮಾಡಿದ್ರೂ ಉದ್ದದ ಬೋಗಿ ಆ ತಿರುವಲ್ಲಿ ಚಂದ ಕಾಣುದಿಲ್ಲ. ಎನ್‌ನಲ್ಲಾದ್ರೆ ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಉದ್ದದ ಬೋರ್ಡಲ್ಲಿ 28 ಸೆಂ.ಮೀ. ರೇಡಿಯಸ್ ಆರಾಮಾಗಿ ಕೂತ್ಕೊಳ್ತದೆ. ಹೊಸಬರಿಗೆ ನಾನು ಹೇಳುದು ಎನ್. ಒಂದು ವಿಷಯ ಗೊತ್ತಿರ್ಲಿ, ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಲೆಕ್ಕ ಹಾಕಿದ್ರೆ ಎನ್‌ನಲ್ಲಿ 10.5 ಮಿ.ಮೀ. ಆಗ್ಬೇಕಿತ್ತು, ಸಿಗುವ ಹಳಿ 9 ಮಿ.ಮೀ. ಮಾತ್ರ. ಅದಕ್ಕೆ ತಲೆ ಕೆಡಿಸ್ಕೊಳ್ಬೇಡಿ, ಜಲ್ಲಿ ಹಾಕಿದ ಮೇಲೆ ಅಷ್ಟು ಕಾಣುದಿಲ್ಲ.

ಇಡೀ ಊರನ್ನು ತುಂಬಿಸ್ಲಿಕ್ಕೂ ಹೋಗ್ಬೇಡಿ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉಂಟು, ಎನ್ ಸ್ಕೇಲಲ್ಲಿ ಮಾಡಿದ್ರೂ ಸುಮಾರು 13 ಮೀಟರ್ ಉದ್ದ ಬೇಕು. ಮೂರು ಕಂಬ, ಎರಡು ಗರ್ಡರ್ ಮಾಡಿ, ಕೆಳಗೆ ಒಂದು ದೋಣಿ ಇಡಿ, ಸಾಕು. ಚಡಾವೂ ಹಾಗೆಯೇ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರ್ ಹೋದ್ರೆ ಒಂದು ಮೀಟರ್ ಏರುವ ಚಡಾವು, ಮಾಡೆಲಿಗೂ ಅದೇ ಲೆಕ್ಕ ಹಿಡಿದ್ರೆ ಇಂಜಿನ್ ಜಾರುದಿಲ್ಲ. ಆದ್ರೆ ಒಂದು ಹಳಿಯ ಮೇಲಿಂದ ಇನ್ನೊಂದು ಹಳಿ ದಾಟಿಸ್ಲಿಕ್ಕೆ ಎಚ್‌ಓದಲ್ಲಿ 75 ಮಿ.ಮೀ. ಎತ್ತರ ಬೇಕು, ಆ ಲೆಕ್ಕದಲ್ಲಿ ಏರ್ಲಿಕ್ಕೆ ಮಾತ್ರ ಮೂರೂಮುಕ್ಕಾಲು ಮೀಟರ್ ಹಳಿ ಹೋಗ್ತದೆ. ಮೊದಲ ಲೇಔಟ್ ಸಮತಟ್ಟೇ ಇರ್ಲಿ, ಹಳಿ ಎತ್ತುವ ಬದ್ಲು ಪಕ್ಕದ ನೆಲ ತಗ್ಗಿಸಿ.

ಬೋರ್ಡಿನ ವಿಷಯ ಸ್ವಲ್ಪ ಜಾಗ್ರತೆಯಿಂದ ಓದಿ. ನಾನು ಮೊದಲನೇದು ಮಾಡಿದ್ದು ಸಾದಾ ಕಮರ್ಷಿಯಲ್ ಪ್ಲೈವುಡ್ಡಲ್ಲಿ, ಎಪ್ರಿಲಲ್ಲಿ ಎಲ್ಲ ಮುಗಿಸಿ ಖುಷಿಯಲ್ಲಿದ್ದೆ. ಆಟಿ ತಿಂಗಳು (ಜುಲೈ–ಆಗಸ್ಟ್) ಬರುವಷ್ಟರಲ್ಲಿ ಬೋರ್ಡು ಮಧ್ಯದಲ್ಲಿ ಉಬ್ಬಿ ಹಳಿಯ ಜಾಯಿಂಟ್ ಮೇಲೆದ್ದು ಇಂಜಿನ್ ಪ್ರತಿ ಸುತ್ತಲ್ಲೂ ಅದೇ ಜಾಗದಲ್ಲಿ ಕೆಳಗೆ ಬೀಳ್ಳಿಕ್ಕೆ ಶುರುವಾಯ್ತು, ಹುಲ್ಲಿನ ಮೇಲೆ ಬಿಳಿ ಬೂಸ್ಟು ಬೇರೆ. ಆರು ತಿಂಗಳ ಕೆಲಸ ಪೂರ್ತಿ ಬಿಚ್ಚಿ ಹಾಕ್ಬೇಕಾಯ್ತು, ಆ ಬೇಜಾರು ನಿಮಗೆ ಬೇಡ. 12 ಮಿ.ಮೀ. ಬಿಡಬ್ಲ್ಯುಪಿ (ನೀರು ತಡೆಯುವ) ಗ್ರೇಡ್ ಪ್ಲೈ ತಗೊಳ್ಳಿ, ಕೆಳಗೆ ಒಂದೂವರೆ ಅಡಿಗೊಂದು ರೀಪು ಕೊಡಿ, ಕೊಯ್ದ ಅಂಚು, ಅಡಿಭಾಗ, ಸ್ಕ್ರೂ ತೂತು ಎಲ್ಲದಕ್ಕೂ ಎರಡು ಕೋಟ್ ಪೇಂಟ್ ಹೊಡೀರಿ, ಯಾಕಂದ್ರೆ ನೀರು ಒಳಗೆ ಹೋಗುದು ಕೊಯ್ದ ಅಂಚಿಂದಲೇ. ಗೋಡೆಗೆ ತಾಗಿಸಿ ಇಡ್ಬೇಡಿ. ಮತ್ತೆ ಪ್ಲಾಸ್ಟರ್, ಅಂಟು, ಪೇಂಟ್ ಕೆಲಸವನ್ನೆಲ್ಲ ದೀಪಾವಳಿ ಕಳೆದ ಮೇಲೆ ಮಾಡಿ, ಮಾರ್ಚಿನೊಳಗೆ ಮುಗಿಸಿ. ಮಳೆಗಾಲಕ್ಕೆ ಮನೆ, ಮರ, ಸ್ಟೇಷನ್ ಬೋರ್ಡು ಇಂಥ ಮೇಜಿನ ಮೇಲೆ ಕೂತು ಮಾಡುವ ಕೆಲಸ ಇಟ್ಕೊಳ್ಳಿ.

ಹಳಿ ನಿಕಲ್ ಸಿಲ್ವರಿನದ್ದೇ ತಗೊಳ್ಳಿ, ಸ್ಟೀಲಿನದ್ದು ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡೀತದೆ. ಇಂಜಿನಿಗೆ ಕರೆಂಟ್ ಬರುದು ಹಳಿಯಿಂದಲೇ, ಅದಕ್ಕೆ ಬರೀ ಜಾಯಿನರನ್ನು (ಹಳಿಗೆ ಹಳಿ ಜೋಡಿಸುವ ತಗಡಿನ ತುಂಡನ್ನು) ನಂಬ್ಬೇಡಿ, ಪ್ರತಿ ಒಂದು ಮೀಟರಿಗೆ ಹಳಿಯ ಹೊರಬದಿಗೆ ಒಂದು ಜೊತೆ ತೆಳು ವೈರ್ ಬೆಸುಗೆ ಹಾಕಿ ಬೋರ್ಡಿನ ಕೆಳಗಿನ ದಪ್ಪ ವೈರಿಗೆ ಸೇರ್ಸಿ. ಆಮೇಲೆ ಒಂದು ವಾರ ಬರೀ ಓಡ್ಸಿ ನೋಡಿ. ಎಲ್ಲಿ ನಿಲ್ತದೆ, ಎಲ್ಲಿ ಬೀಳ್ತದೆ ಅಂತ ಚಾಕ್‌ಪೀಸಲ್ಲಿ ಗುರುತು ಹಾಕಿ ಸರಿ ಮಾಡಿ, ಜಲ್ಲಿ ಅಂಟಿಸಿದ ಮೇಲೆ ಏನೂ ಮಾಡ್ಲಿಕ್ಕೆ ಆಗುದಿಲ್ಲ.

ಜಲ್ಲಿಗೆ ಮಲ್ಪೆ ಬೀಚಿನ ಹೊಯಿಗೆ ತರ್ಲಿಕ್ಕೆ ಹೋಗ್ಬೇಡಿ, ನಾನು ತಂದಿದ್ದೆ. ಅದರಲ್ಲಿರುವ ಕಪ್ಪು ಕಣ ಅಯಸ್ಕಾಂತಕ್ಕೆ ಅಂಟುವಂಥದ್ದು, ಒಂದೊಂದೇ ಎದ್ದು ಇಂಜಿನಿನ ಮೋಟರೊಳಗೆ ಸೇರಿ ಅದು ಕರಕರ ಅನ್ಲಿಕ್ಕೆ ಶುರುವಾಯ್ತು, ಉಪ್ಪಿನ ಕಾಟ ಬೇರೆ. ಕಟ್ಟಡ ಕೆಲಸದ ಜಾಗದಿಂದ ಜಲ್ಲಿ ಹುಡಿ ತನ್ನಿ, ಮೈದಾ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದದ್ದನ್ನು ನೀರಲ್ಲಿ ಎರಡು ಮೂರು ಸಲ ತೊಳೆದು ಧೂಳು ಬಿಟ್ಟ ಮೇಲೆ ಒಣಗಿಸಿ, ಕಾಗದದಲ್ಲಿ ಹರಡಿ ಅಯಸ್ಕಾಂತ ಓಡ್ಸಿ. ನಿಜವಾದ ಲೈನಿನ ಜಲ್ಲಿ ದೊಡ್ಡದಂದ್ರೆ 65 ಮಿ.ಮೀ., ಎನ್‌ನಲ್ಲಿ ಅದು ಅರ್ಧ ಮಿಲಿಮೀಟರೂ ಇಲ್ಲ, ಹಾಗಾಗಿ ಸಣ್ಣದಾದಷ್ಟು ಒಳ್ಳೇದು. ಚಮಚದಲ್ಲಿ ಹಾಕಿ, ಒಣ ಬ್ರಷ್ಷಲ್ಲಿ ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ) ಮೇಲಿಂದ ಸರಿಸಿ, ಸ್ಪ್ರೇಯಲ್ಲಿ ನೀರು ಹೊಡೆದು ಚಂಡಿ ಮಾಡಿ, ಆಮೇಲೆ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿ ಇಂಕ್ ಫಿಲ್ಲರಲ್ಲಿ ಬಿಡಿ. ಆ ಸೋಪಿನ ಹನಿ ಇಲ್ಲದಿದ್ರೆ ಅಂಟು ಮೇಲೆಯೇ ಗುಂಡಗೆ ನಿಂತು ಜಲ್ಲಿಯನ್ನು ಎಳ್ಕೊಂಡು ಹೋಗ್ತದೆ. ಪಾಯಿಂಟಿನ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗದ) ಹತ್ರ ಅಂಟು ತರ್ಲೇಬೇಡಿ. ಎರಡು ದಿನ ಮುಟ್ಬೇಡಿ.

ಇನ್ನು ಮುರಕಲ್ಲಿನ ಕಟ್ಟಿಂಗ್, ನನಗೆ ಅತಿ ಇಷ್ಟದ ಕೆಲಸ. ಥರ್ಮಾಕೋಲ್ ಬೇಡ, ಕೊಯ್ಯುವಾಗ ಗುಳ್ಳೆ ಗುಳ್ಳೆ ಉದುರ್ತದೆ. ತಾರಸಿಗೆ ಹಾಕುವ ಎಕ್ಸ್‌ಪಿಎಸ್ ಫೋಮ್ ಶೀಟ್ ತಗೊಂಡು ಒಂದರ ಮೇಲೊಂದು ಅಂಟಿಸಿ ಚಾಕುವಿನಲ್ಲಿ ಇಳಿಜಾರು ಕೊಯ್ಯಿರಿ. ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ ಒತ್ತಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಚುಚ್ಚಿ, ಮುರಕಲ್ಲಿನ ತೂತು ತೂತು ಹಾಗೇ ಬರ್ತದೆ. ಬಣ್ಣಕ್ಕೆ ಅಂಗಳದ ಕೆಂಪು ಮಣ್ಣನ್ನೇ ತಗೊಳ್ಳಿ, ಹಳೇ ಬಾಣಲೆಯಲ್ಲಿ ಹುರಿದು ಸೋಸಿ, ಇದಕ್ಕೂ ಅಯಸ್ಕಾಂತ ಓಡ್ಸಿ, ಫೋಮಿಗೆ ಕೆಂಪು ಅಕ್ರಿಲಿಕ್ ಹೊಡೆದು ಅದು ಒಣಗುವ ಮೊದಲೇ ಮೇಲಿಂದ ಉದುರಿಸಿ. ಯಾವ ಪೇಂಟ್ ಡಬ್ಬಿಯಲ್ಲೂ ಆ ಬಣ್ಣ ಸಿಗುದಿಲ್ಲ. ಆದ್ರೆ ಕಟ್ಟಿಂಗ್ ಪೂರ್ತಿ ಒಂದೇ ಕೆಂಪು ಇರ್ಬಾರ್ದು, ಮಳೆ ನೀರು ಇಳಿಯುವ ಜಾಗದಲ್ಲಿ ಕಪ್ಪು, ಬುಡದಲ್ಲಿ ಪಾಚಿಯ ಹಸಿರು, ತೀರಾ ತೆಳುವಾಗಿ ಕೊಡಿ. ಕಲ್ಲು ಉರುಳ್ಬಾರ್ದು ಅಂತ ಕೊಂಕಣ ರೈಲ್ವೆಯವರು ಕಟ್ಟಿಂಗಿಗೆ ಹೊದಿಸಿದ ಬಲೆ ನೋಡಿರ್ಬಹುದು, ಹಳೇ ಸೊಳ್ಳೆ ಪರದೆಯ ತುಂಡಿಗೆ ಬೂದಿ ಬಣ್ಣ ಹೊಡೆದು ಮೇಲಿಂದ ಇಳಿಬಿಟ್ರೆ ಥೇಟ್ ಅದೇ.

ಅಡಿಕೆ ಮರಕ್ಕೆ ಹಿಡಿಸೂಡಿ ಕಡ್ಡಿ, ಎನ್‌ನಲ್ಲಿ 9 ಸೆಂ.ಮೀ. ಎತ್ತರ ಸಾಕು. ಬೂದಿ ಬಣ್ಣ, ಸಣ್ಣ ಸಣ್ಣ ಬಳೆ ಗೆರೆ, ತುದಿಗೆ ಹಸಿರು ಕಾಗದ ಮಡಚಿ ಕತ್ತರಿಯಲ್ಲಿ ಸೀಳಿದ ಏಳೆಂಟು ಸೋಗೆ. ತೋಟದಲ್ಲಿ ಗಿಡಕ್ಕೆ ಗಿಡ 2.7 ಮೀಟರ್ ಅಂತರ, ಅಂದ್ರೆ ಇಲ್ಲಿ 17 ಮಿ.ಮೀ., ಹಾಗಾಗಿ ಅಂಗೈ ಅಗಲದ ತೋಟಕ್ಕೇ 36 ಮರ ಬೇಕು. ಸಾಲಾಗಿ ಅಷ್ಟನ್ನೂ ನೆಡಿ, ಹತ್ತು ಮರ ಅಲ್ಲಲ್ಲಿ ಚುಚ್ಚಿದ್ರೆ ತೋಟ ಅನ್ನಿಸುದಿಲ್ಲ. ಕಟ್ಟಪುಣಿಯ (ಗದ್ದೆ ಬದುವಿನ) ಹುಲ್ಲಿಗೆ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಬಣ್ಣ ಹಾಕಿ. ಗದ್ದೆಯ ನೀರಿಗೆ ಹೊಳಪಿನ (ಗ್ಲಾಸಿ) ವಾರ್ನಿಶ್ ತೆಳುವಾಗಿ ನಾಲ್ಕೈದು ಸಲ, ಒಣಹವೆ ಇರುವ ದಿನ ನೋಡಿ, ಇಲ್ಲದಿದ್ರೆ ಹಾಲಿನ ಹಾಗೆ ಬಿಳಿ ಆಗ್ತದೆ. ಕರೆಂಟ್ ಕಂಬ ಬೇಡ ಅಂತಿದ್ರೆ ಲೈನಿಗೆ ಕಂಬ ಹಾಕುವ ಮೊದಲಿನ ಕಾಲ ಇಟ್ಕೊಳ್ಳಿ, ಆಗ ನಮ್ಮ ಈ ಬದಿಯ ಕೊಂಕಣ ಲೈನಲ್ಲಿ ಡೀಸೆಲ್ ಇಂಜಿನ್ನೇ ಓಡ್ತಿದ್ದದ್ದು.

ಹಳಿ ಒರೆಸ್ಲಿಕ್ಕೆ ಹತ್ತಿ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಮರಳು ಕಾಗದ ಉಜ್ಜಿದ್ರೆ ಗೀರಿನೊಳಗೆ ಕೊಳೆ ಕೂತು ಇನ್ನೂ ಬೇಗ ಕಪ್ಪಾಗ್ತದೆ. ಮೇ ಕೊನೆಗೆ ಲೇಔಟಿಗೆ ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ, ಪ್ಲಾಸ್ಟಿಕ್ ಬೇಡ, ಒಳಗೆ ಬೆವರ್ತದೆ. ಇಂಜಿನ್, ಬೋಗಿ ಹಳಿ ಮೇಲೆ ಬಿಡ್ದೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಜೋರು ಮಳೆಯಲ್ಲೂ ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಹತ್ತು ನಿಮಿಷ ಓಡ್ಸಿ, ಮತ್ತೆ ಒರೆಸಿ ಡಬ್ಬಿಗೆ ಹಾಕಿ.