ಪಕ್ಕದ ಕುರ್ಚಿಯವರು ಬರೆದ ಎರಡು ಅಕ್ಷರ

ಒಂದು ಬೆಳ್ಳಿ ಉಂಗುರದ ದೆಸೆಯಿಂದ ನಮ್ಮ ಮೊದಲ ಆಟ ಮುರಿದುಬಿತ್ತು. 2018ರ ಮಳೆಗಾಲ, ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಊಟದ ಮೇಜು, ಭಾನುವಾರ ಸಂಜೆ. ಒಬ್ಬ ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಿ ದಾಳ ಉರುಳಿಸುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಡಲು ಕುಳಿತವರು ನಾಲ್ವರು, ಆಡಿಸುವವನು ನಾನು. ಗಾಬ್ಲಿನ್‌ಗಳ ಗುಹೆಯಲ್ಲಿ ಸತ್ತುಬಿದ್ದಿದ್ದ ಹಳ್ಳಿಗನ ಬೆರಳಿನಿಂದ ನಮ್ಮ ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ಯೋಧನ ಪಾತ್ರ) ಉಂಗುರವನ್ನು ಬಿಡಿಸಿಕೊಂಡು, ಅದನ್ನು ಅವನ ಹೆಂಡತಿಯ ಕೈಗೆ ಮುಟ್ಟಿಸುವುದಾಗಿ ಆಣೆ ಮಾಡಿದ್ದ. ರಾತ್ರಿ ಬಿಡಾರದಲ್ಲಿ ಎಲ್ಲರೂ ಮಲಗಿರುವಾಗ ಕಳ್ಳನ ಪಾತ್ರದವನು 20 ಮುಖದ ದಾಳ ಉರುಳಿಸಿದ. 17 ಬಿತ್ತು, ಉಂಗುರ ಅವನ ಕೈ ಸೇರಿತು. ಮರುದಿನ ಸಂತೆಯಲ್ಲಿ 25 ಚಿನ್ನದ ನಾಣ್ಯಕ್ಕೆ ಉಂಗುರ ಮಾರಾಟವಾಯಿತು. (ಕಳ್ಳನ ಪಾತ್ರಕ್ಕೆ ಇಂಗ್ಲಿಷಿನಲ್ಲಿ ರೋಗ್ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಕಾಯಿಲೆಯ ಹೆಸರಿನಂತೆ ಕೇಳಿಸುವುದರಿಂದ ನಾವು ಕಳ್ಳ ಎಂದೇ ಕರೆಯುತ್ತೇವೆ.)

ಕಳ್ಳನನ್ನು ಆಡುತ್ತಿದ್ದವನು ನನ್ನ ಭಾವಮೈದುನ. ಯಾಕಪ್ಪಾ ಹೀಗೆ ಮಾಡಿದೆ ಎಂದರೆ ತನ್ನ ಪಾತ್ರದ ವಿವರ ಬರೆದ ಹಾಳೆಯನ್ನು ತೋರಿಸಿದ. "ನಾನೇನು ಮಾಡಲಿ ಭಾವ, ಇಲ್ಲಿ ಕೇಯಾಟಿಕ್ ನ್ಯೂಟ್ರಲ್, ಕಟ್ಟಳೆಗೆ ಸಿಗದವನು ಎಂದಿದೆ. ನನ್ನ ಪಾತ್ರ ಇರುವುದೇ ಹಾಗೆ." ಪ್ಯಾಲಡಿನ್ ಆಡುತ್ತಿದ್ದವರು ನಮ್ಮೆಲ್ಲರಿಗಿಂತ ಹಿರಿಯರು, ಬ್ಯಾಂಕ್ ಅಧಿಕಾರಿ. ಅವರೂ ತಮ್ಮ ಹಾಳೆಯನ್ನು ಮುಂದಿಟ್ಟರು. "ನನ್ನದು ಲಾಫುಲ್ ಗುಡ್, ಕಟ್ಟಳೆ ತಪ್ಪದ ಒಳ್ಳೆಯವನು. ಕಳ್ಳನನ್ನು ಕಟ್ಟಿಹಾಕದೆ ಬಿಡುವ ಹಾಗಿಲ್ಲ." ಮನುಷ್ಯರಿಬ್ಬರು ಸುಮ್ಮನೆ ಕುಳಿತಿದ್ದರು, ಎರಡು ಹಾಳೆಗಳು ಜಗಳವಾಡಿದವು. ಮೇಜಿನ ಮೇಲಿದ್ದ ಉಪ್ಪಿಟ್ಟು ತಣ್ಣಗಾಯಿತು. ಮುಂದಿನ ಭಾನುವಾರ ಇಬ್ಬರೇ ಬಂದರು. ಅವರಲ್ಲಿ ಒಬ್ಬಳು ನನ್ನ ಹೆಂಡತಿ, ಅವಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹಾಳೆಯ ಮೇಲೆ LG, CN ಎಂದು ಎರಡು ಅಕ್ಷರದಲ್ಲಿ ಬರೆಯುವ ಈ ಗುರುತಿಗೆ ಅಲೈನ್‌ಮೆಂಟ್ ಎಂದು ಹೆಸರು. ಅಲೈನ್‌ಮೆಂಟ್ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ ಗ್ಯಾರೇಜು, ಕಾರಿನ ಚಕ್ರ ನೆನಪಾಗುತ್ತದೆ. ಇಲ್ಲಿಯೂ ಅರ್ಥ ತೀರ ದೂರವಿಲ್ಲ: ಕೈಬಿಟ್ಟರೆ ಪಾತ್ರ ಯಾವ ಕಡೆಗೆ ಎಳೆಯುತ್ತದೆ ಎನ್ನುವುದರ ಗುರುತು ಅದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗ ಇದ್ದದ್ದು ಮೂರೇ: ಲಾ (ಕಟ್ಟಳೆ), ನ್ಯೂಟ್ರಾಲಿಟಿ (ತಾಟಸ್ಥ್ಯ), ಕೇಯಾಸ್ (ಗೊಂದಲ). ಪೋಲ್ ಆಂಡರ್ಸನ್, ಮೈಕೆಲ್ ಮೂರ್‌ಕಾಕ್ ಅವರ ಕಾದಂಬರಿಗಳಲ್ಲಿ ಕಟ್ಟಳೆಯ ಶಕ್ತಿಗಳೂ ಗೊಂದಲದ ಶಕ್ತಿಗಳೂ ಜಗತ್ತಿಗಾಗಿ ಕಾದಾಡುತ್ತವೆ, ಅಲ್ಲಿಂದ ಬಂದದ್ದು. ಆಗ ಅದು ಸ್ವಭಾವಕ್ಕಿಂತ ಹೆಚ್ಚಾಗಿ ಪಕ್ಷದ ಹೆಸರು, ಯುದ್ಧವಾದರೆ ನೀನು ಯಾರ ಕಡೆ ಎಂಬ ಪ್ರಶ್ನೆಗೆ ಉತ್ತರ. 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಒಳಿತು, ಕೆಡುಕುಗಳ ಇನ್ನೊಂದು ಗೆರೆ ಸೇರಿ ಈಗ ಎಲ್ಲರೂ ಬಲ್ಲ ಒಂಬತ್ತು ಮನೆಗಳಾದವು. ಕಟ್ಟುನಿಟ್ಟೂ ಜೋರಾಗಿತ್ತು. ಪ್ಯಾಲಡಿನ್ ಲಾಫುಲ್ ಗುಡ್ ಅಲ್ಲದೆ ಬೇರೆ ಆಗುವಂತಿರಲಿಲ್ಲ, ಮನೆ ಬದಲಾಯಿಸಿದ ಪಾತ್ರ ಗಳಿಸಿದ ಒಂದು ಮಟ್ಟವನ್ನೇ ಕಳೆದುಕೊಳ್ಳುತ್ತಿತ್ತು. ಇನ್ನೂ ತಮಾಷೆಯೆಂದರೆ ಒಂದೊಂದು ಅಲೈನ್‌ಮೆಂಟಿಗೆ ಒಂದೊಂದು ಗುಪ್ತ ಭಾಷೆಯೂ ಇತ್ತು. ಸಜ್ಜನರು ಸಜ್ಜನರ ಭಾಷೆಯಲ್ಲಿ ಏನು ಮಾತಾಡಿಕೊಳ್ಳುತ್ತಿದ್ದರೋ, ನನಗಂತೂ ಊಹೆಗೆ ಬಂದಿಲ್ಲ.

2008ರ ನಾಲ್ಕನೇ ಆವೃತ್ತಿ ಒಂಬತ್ತನ್ನು ಐದಕ್ಕೆ ಇಳಿಸಿತು. ನಾವು ಆಡುತ್ತಿದ್ದದ್ದು 2014ರ ಐದನೇ ಆವೃತ್ತಿ. ಅದರಲ್ಲಿ ಒಂಬತ್ತೂ ಮರಳಿ ಬಂದವು, ಆದರೆ ಹಲ್ಲು ಕಿತ್ತ ಹಾವಿನಂತೆ. ಪ್ಯಾಲಡಿನ್‌ಗೆ ಈಗ ಮನೆಯ ಕಟ್ಟಿಲ್ಲ, ತೊಟ್ಟ ಪ್ರತಿಜ್ಞೆಯ ಕಟ್ಟು ಇದೆ. ಒಳಿತು ಕೆಡುಕನ್ನು ಪತ್ತೆ ಹಚ್ಚುವ ಮಂತ್ರವೂ ಮನುಷ್ಯರ ಮನಸ್ಸನ್ನು ತೋರಿಸುವುದಿಲ್ಲ. ಪಿಶಾಚಿ, ಶವಜೀವಿ, ದೇವದೂತರಂಥ ಜೀವಿಗಳು ಸುತ್ತಮುತ್ತ ಇದ್ದರೆ ಹೇಳುತ್ತದೆ, ಅಷ್ಟೆ. ನಮ್ಮ ಬ್ಯಾಂಕ್ ಅಧಿಕಾರಿಗಳು ಕಾಲೇಜಿನ ದಿನಗಳಲ್ಲಿ ಮೂರನೇ ಆವೃತ್ತಿಯನ್ನು ಆಡಿದವರು, ಅಲ್ಲಿ ಅಂಥ ಮಂತ್ರ ಮನುಷ್ಯರ ಕೆಡುಕನ್ನೂ ತೋರಿಸುತ್ತಿತ್ತು. ನಮ್ಮ ಆಟದಲ್ಲಿ ಒಬ್ಬ ವರ್ತಕನ ಮೇಲೆ ಆ ಮಂತ್ರ ಹಾಕಿ, ಏನೂ ಕಾಣದ್ದರಿಂದ ಅವನು ಒಳ್ಳೆಯವನೆಂದು ನಂಬಿ ತಂಡದ ದುಡ್ಡನ್ನೆಲ್ಲ ಅವನ ಕೈಗಿತ್ತರು. ದಿನವಿಡೀ ಸಾಲದ ಅರ್ಜಿಗಳನ್ನು ಅನುಮಾನದಿಂದ ನೋಡುವ ಮನುಷ್ಯ! ವರ್ತಕ ರಾತ್ರೋರಾತ್ರಿ ಊರು ಬಿಟ್ಟ.

ನಿಯಮದ ಹಲ್ಲು ಕಿತ್ತರೂ ಆಟಗಾರರ ತಲೆಯಿಂದ ಅದು ಹೋಗಿರಲಿಲ್ಲ. ಹಾಳೆಯ ಮೇಲಿನ ಎರಡು ಅಕ್ಷರ ಒಬ್ಬನಿಗೆ ಪರವಾನಗಿ, ಇನ್ನೊಬ್ಬರಿಗೆ ಪೊಲೀಸ್ ಲಾಠಿ.

ಭಾಷೆಯ ತೊಡಕೂ ಒಂದಿತ್ತು. ನಾವು ಆಡುವುದು ಕನ್ನಡದಲ್ಲಿ. ಹೊಸಬರಿಗೆ ಲಾಫುಲ್ ಎಂಬುದನ್ನು ವಿವರಿಸಲು ಹೊರಟಾಗಲೆಲ್ಲ ನನ್ನ ಬಾಯಿಗೆ "ಧರ್ಮ" ಎಂದೇ ಬರುತ್ತಿತ್ತು. ಆದರೆ ಧರ್ಮದಲ್ಲಿ ಕಟ್ಟಳೆಯೂ ಇದೆ, ಒಳಿತೂ ಇದೆ. ಎರಡನ್ನೂ ಸೀಳಿ ಅಡ್ಡಗೆರೆ ಒಂದು, ಉದ್ದಗೆರೆ ಒಂದು ಮಾಡುವುದು ಆ ಪದಕ್ಕೆ ಒಗ್ಗುವುದಿಲ್ಲ. ಧರ್ಮಿಷ್ಠ ದುಷ್ಟ ಎಂದರೆ ಕೇಳಿದವರು ನಗುತ್ತಾರೆ. ಕೊನೆಗೆ ಒಂದು ಗೆರೆಗೆ "ಕಟ್ಟಳೆ" ಎಂದೂ ಇನ್ನೊಂದಕ್ಕೆ "ಕರುಣೆ" ಎಂದೂ ಹೆಸರಿಟ್ಟೆ. ಮೂಲಕ್ಕೆ ಇದು ಪೂರ್ತಿ ನ್ಯಾಯವಲ್ಲ, ಗೊತ್ತು. ಆದರೆ ಕಟ್ಟಳೆ ತಪ್ಪದ, ಕರುಣೆಯಿಲ್ಲದ ಮನುಷ್ಯನನ್ನು ಎಲ್ಲರೂ ಎಲ್ಲಾದರೂ ಒಂದು ಕಿಟಕಿಯ ಆಚೆ ಕುಳಿತಿದ್ದಾಗ ನೋಡಿಯೇ ಇರುತ್ತಾರೆ. ಕೂಡಲೇ ಅರ್ಥವಾಗುತ್ತಿತ್ತು.

ಆ ವರ್ಷ ಊರಿಗೆ ಹೋದಾಗ ಅಪ್ಪಯ್ಯನಿಗೆ ಈ ಉಂಗುರದ ಕಥೆ ಹೇಳಿದೆ. ನಮ್ಮದು ಹೊನ್ನಾವರದ ಕಡೆ. ಅಪ್ಪಯ್ಯ ತೋಟದ ಕೆಲಸದ ನಡುವೆಯೇ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಕುಳಿತಲ್ಲೇ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ, ವಾದಿಸುತ್ತಾರೆ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ನಾನು ಆಡುವ ಆಟ ಇದರ ದೂರದ ನೆಂಟ ಎಂಬುದು ಅಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ, ನಾಚಿಕೆಯ ಸಂಗತಿ. ಅಪ್ಪಯ್ಯ ಅಡಿಕೆ ಸುಲಿಯುತ್ತಲೇ ಕೇಳಿಸಿಕೊಂಡು, "ಅದಲ್ಲ ತಮಾ, ಆ ಕಳ್ಳನಿಗೆ ತಾನು ಕೆಟ್ಟವನೆಂದು ಗೊತ್ತಿದೆಯೋ?" ಎಂದು ಕೇಳಿದರು.

ನನಗೆ ಉತ್ತರ ತೋಚಲಿಲ್ಲ. ಅವರು ವಾಲಿಯ ಮಾತು ತೆಗೆದರು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಭಾಗಕ್ಕೆ ಅಪ್ಪಯ್ಯ ನಮ್ಮ ಕಡೆ ಹೆಸರು ಮಾಡಿದವರು. "ವಾಲಿ ಸೋಲುತ್ತಾನೆ ಎನ್ನುವುದು ಪದ್ಯದಲ್ಲೇ ಇದೆ, ಸಭೆಗೂ ಗೊತ್ತು. ಆದರೆ ನಾನು ಸೋಲುವವನಂತೆ ಕುಳಿತರೆ ರಾಮನ ಅರ್ಥಧಾರಿಗೆ ಹೇಳಲು ಏನು ಉಳಿಯುತ್ತದೆ? ನಮ್ಮಲ್ಲಿ ಪದ್ಯ ಮೊದಲೇ ಬರೆದಿದೆ, ನಿಮ್ಮಲ್ಲಿ ದಾಳ ಬರೆಯುತ್ತದೆ. ಅರ್ಥ ಹೇಳಬೇಕಾದವರು ನೀವೇ ಅಲ್ಲವೇ. ಅವನು 'ನಾನು ಹೀಗೇ' ಎಂದನಂತೆ. ಅದು ಅರ್ಥವಲ್ಲ, ಬಾಯಿ ಮುಚ್ಚಿಕೊಂಡದ್ದು."

ಬೆಂಗಳೂರಿಗೆ ಮರಳಿದ ಮೇಲೆ ಎಲ್ಲರನ್ನೂ ಒಂದೆಡೆ ಸೇರಿಸಲು ನಾಲ್ಕು ತಿಂಗಳು ಹಿಡಿಯಿತು. 2019ರ ಆರಂಭದಲ್ಲಿ ಹೊಸ ಕಥೆ, ಹೊಸ ಪಾತ್ರಗಳು. ಅಲೈನ್‌ಮೆಂಟಿನ ಜಾಗವನ್ನು ಖಾಲಿ ಬಿಡಲು ಹೇಳಿದೆ. ಅದರ ಬದಲು ಪೋಸ್ಟ್ ಕಾರ್ಡಿನಷ್ಟು ದೊಡ್ಡ ರಟ್ಟಿನ ಮೇಲೆ ಎರಡು ಸಾಲು: ಈ ಪಾತ್ರ ಸತ್ತರೂ ಮಾಡದ ಕೆಲಸ ಯಾವುದು, ಇದು ಯಾರ ಋಣದಲ್ಲಿದೆ. ಋಣ ತಂಡದೊಳಗಿನ ಒಬ್ಬರದ್ದಾದರೂ ಇರಲೇಬೇಕು ಎಂಬುದು ನನ್ನ ಒಂದೇ ಹಟ. ದುಷ್ಟ ಪಾತ್ರ ಬೇಕೆಂದವರಿಗೂ ಬೇಡ ಎನ್ನಲಿಲ್ಲ. ದುಷ್ಟನಿಗೂ ಅಣ್ಣನಿರುತ್ತಾನೆ, ಸಾಲ ಕೊಟ್ಟವನಿರುತ್ತಾನೆ. ಅವನನ್ನು ತಂಡದಲ್ಲಿ ಹಿಡಿದಿಡಲು ಅಷ್ಟು ಸಾಕು.

ಇನ್ನು ಖಾಲಿ ಜಾಗ. ಐದು ಭಾನುವಾರ ಆಡಿದ ಮೇಲೆ ಪ್ರತಿಯೊಬ್ಬರ ಅಲೈನ್‌ಮೆಂಟನ್ನು ಅವರ ಬಲಗಡೆ ಕುಳಿತವರು ಬರೆಯಬೇಕು, ನಡೆದ ಒಂದು ಘಟನೆಯನ್ನು ಸಾಕ್ಷಿಯಾಗಿ ಹೇಳಬೇಕು. ಪಾತ್ರದವರು ಅದನ್ನು ಒಪ್ಪದಿದ್ದರೆ ಪಾತ್ರವಾಗಿಯೇ ಎದುರುತ್ತರ ಕೊಡಬಹುದು. ಬರೆದದ್ದು ಯಾರನ್ನೂ ಕಟ್ಟಿಹಾಕುವುದಿಲ್ಲ, ಮತ್ತೆ ಐದು ವಾರಕ್ಕೆ ಅಳಿಸಿ ಬರೆಯಲಾಗುತ್ತದೆ. ಪೆನ್ಸಿಲ್ಲಿನಲ್ಲಿಯೇ ಬರೆಯಬೇಕೆಂದು ನಿಯಮ ಮಾಡಿದ್ದು ನನ್ನ ಹೆಂಡತಿ.

ಮೊದಲ ಸಲ ಬರೆದಾಗಲೇ ಗದ್ದಲ. ಕಾಡನ್ನು ಕಾಯುವ ಅವಳ ಡ್ರೂಯಿಡ್ ಪಾತ್ರಕ್ಕೆ ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ನ್ಯೂಟ್ರಲ್ ಈವಿಲ್ ಎಂದು ಬರೆದುಬಿಟ್ಟ. ಗಾಯಗೊಂಡ ತೋಳಕ್ಕೆ ಮದ್ದು ಹಾಕಿ, ಗಾಯಗೊಂಡ ಕಾವಲುಗಾರನನ್ನು ಅಲ್ಲೇ ಬಿಟ್ಟು ಬಂದದ್ದು ಅವನ ಸಾಕ್ಷಿ. ಅವಳು ಹತ್ತು ನಿಮಿಷ ಕಾಡಿನ ಪರವಾಗಿ ಮಾತಾಡಿದಳು. ಅಷ್ಟು ಮಾತು ಅವಳು ಅದುವರೆಗಿನ ಎಲ್ಲ ಆಟಗಳಲ್ಲಿ ಸೇರಿಸಿಯೂ ಆಡಿರಲಿಲ್ಲ. ಹುಡುಗ ಅಳಿಸಲಿಲ್ಲ. ಅವಳು ಆ ರಾತ್ರಿ ಅವನಿಗೆ ಎರಡನೇ ಲೋಟ ಚಹಾ ಕೊಡಲಿಲ್ಲ.

ನಾನು ಕೆಡಿಸಿದ್ದೂ ಇದೆ. ಸಂದಿಗ್ಧಗಳೆಂದರೆ ಭಾರವಾಗಿರಬೇಕು ಎಂಬ ಉತ್ಸಾಹದಲ್ಲಿ ಒಮ್ಮೆ ಸಾಂಕ್ರಾಮಿಕ ಹಬ್ಬಿದ ಊರನ್ನು ತಂದಿಟ್ಟೆ. ಊರನ್ನು ಸುಡಬೇಕು, ಇಲ್ಲವೇ ರೋಗ ರಾಜಧಾನಿಗೆ ಹರಡುತ್ತದೆ. ಮೂರನೆಯ ದಾರಿ ಹುಡುಕಿದಾಗಲೆಲ್ಲ ನಾನೇ ಮುಚ್ಚಿದೆ. ಅರ್ಧ ಗಂಟೆಯಲ್ಲಿ ಒಬ್ಬೊಬ್ಬರ ಕೈಗೂ ಮೊಬೈಲ್ ಬಂತು. ಎತ್ತ ಹೆಜ್ಜೆ ಇಟ್ಟರೂ ಕೆಸರೇ ಆದರೆ ಯಾರು ನಡೆಯುತ್ತಾರೆ? ಆ ಊರಿನ ಪರವಾಗಿ ಮಾತಾಡಲು ನಾನು ಒಬ್ಬನನ್ನೂ ಇಟ್ಟಿರಲಿಲ್ಲ. ಅಲ್ಲಿದ್ದದ್ದು ಬರಿಯ ಲೆಕ್ಕ, ಇಷ್ಟು ಜನ ಸತ್ತರೆ ಅಷ್ಟು ಜನ ಉಳಿಯುತ್ತಾರೆ ಎಂಬುದು.

ಆ ತಪ್ಪಿನ ಮೇಲೆ ಕಟ್ಟಿದ್ದು ತೂಬಿನ ಕಥೆ. ಬರಗಾಲ. ಮೇಲಿನ ಕಣಿವೆಯ ಒಡೆಯ ಅಣೆಕಟ್ಟೆಯ ತೂಬು ಮುಚ್ಚಿಸಿದ್ದಾನೆ, ಕೆಳಗಿನ ಹಳ್ಳಿಯ ಗದ್ದೆ ಒಣಗುತ್ತಿದೆ. ಅವನ ಕೈಯಲ್ಲಿ ಅಜ್ಜನ ಕಾಲದ ಒಪ್ಪಂದವಿದೆ, ಅದರ ಒಂದಕ್ಷರವನ್ನೂ ಅವನು ಮೀರಿಲ್ಲ. ನೀರಿನ ಜಗಳ ಎಂಥದ್ದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲವಲ್ಲ, ಮೇಜಿನ ಸುತ್ತ ಎಲ್ಲರೂ ಕೂಡಲೇ ನೆಟ್ಟಗೆ ಕುಳಿತರು. ತೂಬಿನ ಬೀಗದ ಕೈ ಒಡೆಯನ ಮಲಗುವ ಕೋಣೆಯಲ್ಲಿ. ಹಾಗೆಂದರೆ ಕಳ್ಳನ ಕೆಲಸ. ಈ ಸಲವೂ ಕಳ್ಳ ನನ್ನ ಭಾವಮೈದುನನೇ. ಆದರೆ ಅವನ ರಟ್ಟಿನ ಮೇಲೆ ಅವನದೇ ಕೈಬರಹದಲ್ಲಿತ್ತು: ಮಕ್ಕಳಿರುವ ಮನೆಯಲ್ಲಿ ಕದಿಯುವುದಿಲ್ಲ. ಋಣದ ಸಾಲಿನಲ್ಲಿ ಪ್ಯಾಲಡಿನ್‌ನ ಹೆಸರು, ಜೊತೆಗೆ ಕೆಳಗಿನ ಹಳ್ಳಿಯಲ್ಲಿ ತನ್ನನ್ನು ಸಾಕಿದ ಮುದುಕಿಯ ಹೆಸರು.

ಕಿಟಕಿ ಹಾರಿ ಒಳಗೆ ಬಂದ. ಒಡೆಯನ ಪಕ್ಕದಲ್ಲಿ ಎರಡು ಮಕ್ಕಳು ಮಲಗಿವೆ ಎಂದು ಹೇಳಿ ನಾನು ಸುಮ್ಮನಾದೆ. ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವನು ಬಹಳ ಹೊತ್ತು ಕುಳಿತ. ಬ್ಯಾಂಕ್ ಅಧಿಕಾರಿಗಳು, ಯಾವತ್ತೂ ಅಚ್ಚುಕಟ್ಟಿನ ಮನುಷ್ಯ, "ತೆಗೆದುಕೊಂಡುಬಿಡು, ನಾನು ನೋಡಲಿಲ್ಲ" ಎಂದರು. ಅವನು ದಾಳವನ್ನು ಮೇಜಿನ ಮೇಲಿಟ್ಟು, "ಒಡೆಯನನ್ನು ಎಬ್ಬಿಸುತ್ತೇನೆ" ಎಂದ.

ಅಲ್ಲಿಂದ ಮುಂದೆ ಒಂದೂಕಾಲು ಗಂಟೆ ಯಾರೂ ದಾಳ ಮುಟ್ಟಲಿಲ್ಲ. ಒಡೆಯನಾಗಿ ನಾನು ಅಪ್ಪಯ್ಯನನ್ನು ನೆನೆದು ಮಾತಾಡಿದೆ. ನನ್ನ ಕಣಿವೆಯಲ್ಲಿ 300 ಮನೆಗಳಿವೆ. ಕಳೆದ ಬರದಲ್ಲಿ ನನ್ನಪ್ಪ ಕರುಣೆಯಿಂದ ತೂಬು ತೆರೆದ, ಆ ವರ್ಷ ನಮ್ಮಲ್ಲಿ ಸತ್ತವರಲ್ಲಿ ನನ್ನ ತಮ್ಮನೂ ಒಬ್ಬ. ನೀವು ತರುವ ಕರುಣೆಗೆ ಯಾರ ಮನೆಯ ಮಗುವನ್ನು ಬೆಲೆಯಾಗಿ ಕೇಳುತ್ತೀರಿ? ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ, ಅವರಲ್ಲೂ ಇರಲಿಲ್ಲ. ಕೊನೆಗೆ ಡ್ರೂಯಿಡ್ ಮುಂದೆ ಬಂದು ಒಪ್ಪಂದದ ಹಾಳೆಯನ್ನು ಓದಿಸಿ, ರಾತ್ರಿ ಹೊತ್ತಿನ ನೀರಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ ಎಂದಳು. ಹಾಗೆ ಬರೆದಿರಲು ನಾನು ಮರೆತಿದ್ದೆ, ಅಷ್ಟೆ. ಅವಳಿಗೆ ಅದನ್ನು ಹೇಳಲಿಲ್ಲ.

ಆ ದಿನ ಪಾತ್ರಗಳ ಜೊತೆಗೆ ಒಡೆಯನ ಅಲೈನ್‌ಮೆಂಟನ್ನೂ ಬರೆಯಿರಿ ಎಂದು ನಾಲ್ವರಿಗೂ ಚೀಟಿ ಕೊಟ್ಟೆ. ಹೆಂಡತಿ ಲಾಫುಲ್ ನ್ಯೂಟ್ರಲ್ ಎಂದಳು. ಎಂಜಿನಿಯರಿಂಗ್ ಹುಡುಗ ಲಾಫುಲ್ ಈವಿಲ್. ಬ್ಯಾಂಕ್ ಅಧಿಕಾರಿಗಳು ಲಾಫುಲ್ ಗುಡ್ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಭಾವಮೈದುನನ ಚೀಟಿಯಲ್ಲಿ ಬರೆದು ಅಳಿಸಿದ ಗುರುತು ಮಾತ್ರ ಇತ್ತು.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಒಡೆಯನ ಮಾತನ್ನು ಎರಡು ಸಲ ಹೇಳಿಸಿಕೊಂಡರು, ತಮ್ಮ ಸತ್ತ ಪ್ರಸ್ತಾಪ ಸ್ವಲ್ಪ ಬೇಗ ಬಂತು ಎಂದರು. ಆಮೇಲೆ, "ಚೀಟಿ ಖಾಲಿ ಕೊಟ್ಟವನನ್ನು ಮಳೆಗಾಲದಲ್ಲಿ ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ. ನಮ್ಮ ಕೂಟಕ್ಕೆ ಸುಗ್ರೀವ ಬೇಕಾಗಿದ್ದಾನೆ."