ಕಡಲತೀರದ ಪದಬಂಧ ಕಟ್ಟಿದ ಬಗೆ

ಕಡಲತೀರವನ್ನೇ ವಿಷಯವಾಗಿಟ್ಟುಕೊಂಡು ಪದಬಂಧವೊಂದನ್ನು ರಚಿಸಲು ಕುಳಿತಾಗ ನಾನು ಮೊದಲು ಮಾಡಿದ ಕೆಲಸವೆಂದರೆ ನಿಘಂಟನ್ನು ಬದಿಗಿಟ್ಟದ್ದು. ಸಮುದ್ರಕ್ಕೆ ಶರಧಿ, ಜಲಧಿ, ವಾರಿಧಿ, ಅಂಬುಧಿ, ಪಯೋಧಿ ಎಂದು ಹೆಸರುಗಳಿಗೇನೂ ಬರವಿಲ್ಲ; ಆದರೆ ಇವೆಲ್ಲವೂ ಮೂರಕ್ಷರದವು, ಎಲ್ಲವೂ ‘ಧಿ’ಯಲ್ಲೇ ಮುಗಿಯುವಂಥವು. ಕೊನೆಯ ಚೌಕ ತುಂಬಿದ ಮೇಲೂ ಐದು ಉತ್ತರಗಳು ಉಳಿಯುವುದಾದರೆ ಅದು ಸುಳಿವೇ ಅಲ್ಲ. ರಚಿಸುವವನಿಗೂ ‘ಧಿ’ಯಿಂದ ಮುಂದೆ ಹೊರಡಲು ‘ಧಿಕ್ಕಾರ’, ‘ಧಿಮಾಕು’ಗಳ ಆಚೆ ಹೆಚ್ಚೇನೂ ಸಿಗುವುದಿಲ್ಲ, ಅವೆರಡನ್ನೂ ಕಡಲತೀರಕ್ಕೆ ಒಯ್ಯುವುದು ಕಷ್ಟ.

ಆದ್ದರಿಂದ ದಡದ ಮೇಲೆ ದಿನನಿತ್ಯ ಆಡುವ ಸಣ್ಣ ಪದಗಳನ್ನೇ ಕಲೆಹಾಕಿದೆ. ಅವುಗಳಲ್ಲಿ ಎಷ್ಟೊಂದು ಪದಗಳಿಗೆ ಎರಡೆರಡು ಅರ್ಥಗಳಿವೆ ಎಂಬುದು ಪಟ್ಟಿ ಬೆಳೆದಂತೆ ಕಾಣತೊಡಗಿತು. ‘ಜನನಕ್ಕೂ ದೋಣಿಗೂ ಬೇಕಾದದ್ದು’ ಎಂದರೆ ಹುಟ್ಟು. ‘ಕಳೆದುಹೋಗಿರುವ ಮೀನು’ ಎಂದರೆ ಕಾಣೆ. ‘ಹಡಗು ನಿಲ್ಲುವಲ್ಲಿಗೆ ಅವರು ಆಗಲೇ ತಲುಪಿದರು’ ಎಂದರೆ ಬಂದರು. ಶಂಖಕ್ಕೆ ‘ಇದರಿಂದ ಬಂದರೇ ತೀರ್ಥ’ ಎಂಬಷ್ಟೇ ಸಾಕಾಯಿತು. ಊರುಗಳ ಹೆಸರೂ ನೆರವಿಗೆ ಬಂದವು. ಒಂದು ಬದಿಯಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಬದಿಯಲ್ಲಿ ಅರಬ್ಬೀ ಸಮುದ್ರ, ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ ಇರುವ ಮರವಂತೆಗೆ ‘ಹೊಳೆಗೂ ಕಡಲಿಗೂ ನಡುವೆ ಒಂದು ವೃಕ್ಷವಿದೆ ಎನ್ನುತ್ತಾರೆ’ ಎಂದು ಬರೆದೆ. ಈ ಪದಬಂಧದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸುಳಿವು ಇದೇ. ‘ಹೆಸರಿನಲ್ಲಿ ಕಡಲಿದ್ದರೂ ಇರುವುದು ಮಲೆನಾಡಿನಲ್ಲಿ’ ಎಂಬುದು ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಕೊಟ್ಟ ಸುಳಿವು.

ಚೌಕಟ್ಟನ್ನು ಮರವಂತೆಯಿಂದಲೇ ಆರಂಭಿಸಿದೆ. ಕನ್ನಡದಲ್ಲಿ ಒಂದು ಚೌಕಕ್ಕೆ ಒಂದು ಗುಣಿತಾಕ್ಷರ ಇಡಿಯಾಗಿ ಕೂರುವುದರಿಂದ, ಎಡದಿಂದ ಬಲಕ್ಕೆ ಬರುವ ಪದವೂ ಮೇಲಿನಿಂದ ಕೆಳಕ್ಕೆ ಇಳಿಯುವ ಪದವೂ ಸಂಧಿಸುವಲ್ಲಿ ವ್ಯಂಜನವಷ್ಟೇ ಹೊಂದಿದರೆ ಸಾಲದು, ಸ್ವರವೂ ಒತ್ತೂ ಅನುಸ್ವಾರವೂ ಹೊಂದಬೇಕು. ಮೊದಲ ‘ಮ’ದಿಂದ ಮರಳು ಕೆಳಕ್ಕಿಳಿಯಿತು, ‘ತೆ’ಯಿಂದ ತೆರೆ ಇಳಿಯಿತು, ‘ರ’ದ ಮೇಲೆ ಸಾಗರ ಬಂದು ನಿಂತಿತು. ಮರಳಿನ ‘ಳು’ವಿನಲ್ಲಿ ಮಾತ್ರ ತಡೆಯಾಯಿತು. ಕನ್ನಡ ಪದಗಳು ‘ಳ’ಕಾರದಿಂದ ಆರಂಭವಾಗುವುದಿಲ್ಲವಾದ್ದರಿಂದ ಆ ಅಕ್ಷರ ಪದದ ಮಧ್ಯದಲ್ಲೋ ಕೊನೆಯಲ್ಲೋ ಬರಲೇಬೇಕು, ಅದಕ್ಕಾಗಿ ಇಡೀ ಕಟ್ಟನ್ನು ಒಂದು ಚೌಕ ಬಲಕ್ಕೆ ಸರಿಸಿ, ಎಡದಲ್ಲಿ ತೆರವಾದ ಜಾಗದಿಂದ ‘ಮುಳುಗು’ ಎಂದು ಬರೆದೆ. ‘ಪಡುವಣ ಕಡಲಿನಲ್ಲಿ ನೇಸರನ ನಿತ್ಯದ ಕೆಲಸ’ ಎಂಬುದು ಅದರ ಸುಳಿವು.

ಮಲ್ಪೆಯನ್ನು ಬಿಡಲು ಮನಸ್ಸಾಗಲಿಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೊರಡುವ ಊರದು. ಆದರೆ ‘ಲ್ಪೆ’ ಇರುವ ಇನ್ನೊಂದು ಪದ ನನಗೆ ಹೊಳೆಯಲಿಲ್ಲ. ಆ ಚೌಕವನ್ನು ಯಾವ ಪದವೂ ದಾಟದಂತೆ ಸುತ್ತ ಕಪ್ಪು ಮಾಡಿ, ಸುಳಿವನ್ನು ಆದಷ್ಟು ಸರಳವಾಗಿಟ್ಟೆ. 1901ರ ದೀಪಸ್ತಂಭವಿರುವ ಕಾಪುವಿಗೆ ಇಂಥ ತೊಡಕಿಲ್ಲ. ‘ಕಾ’ ಎಲ್ಲಿ ಬೇಕಾದರೂ ಸಿಗುತ್ತದೆ, ‘ರಕ್ಷಣೆಯೇ ಊರಾಗಿದೆ’ ಎಂದರೆ ಮುಗಿಯಿತು.

ಹೆಚ್ಚು ಯೋಚಿಸಿದ್ದು ಮೀನಿನ ಹೆಸರುಗಳ ಬಗ್ಗೆ. ಮಂಗಳೂರಿನ ಬೂತಾಯಿ ಕಾರವಾರದ ಕಡೆ ತಾರ್ಲೆ. ಬಂಗುಡೆಯನ್ನು ಬಂಗಡೆ ಎನ್ನುವವರೂ ಇದ್ದಾರೆ, ಅಲ್ಲಿಗೆ ನಡುವಿನ ಚೌಕವೇ ಬದಲಾಗುತ್ತದೆ. ಅಂಜಲ್ ಎಂಬುದರ ಕೊನೆಯ ‘ಲ್’ಗೆ ಬೇರೆ ಚೌಕ ಕೊಡಬೇಕೇ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವಿಲ್ಲದ ಕಾರಣ ಅದನ್ನು ಕೈಬಿಟ್ಟೆ. ಬಂಗುಡೆಯ ‘ಗು’ವಿನ ಮೇಲೆ ಸುಲಭದ ಪದವೊಂದು ಹಾದುಹೋಗುವಂತೆ ಮಾಡಿದೆ, ಮೀನನ್ನು ಕಂಡೇ ಇಲ್ಲದ ಬಯಲುಸೀಮೆಯವರಿಗೂ ಆ ಅಕ್ಷರ ಅಡ್ಡದಾರಿಯಿಂದ ದೊರೆಯಬೇಕು.