ಮೊದಲು ನನ್ನ ಟೆಸ್ಟ್, ಆಮೇಲೆ ಅವಳದ್ದು

ಒಂದು ವರ್ಷ ಜೊತೆಗಿದ್ದೂ ಮಕ್ಕಳಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಆದರೆ ನಮ್ಮ ಶಿಡ್ಲಘಟ್ಟದ ಕಡೆ ತೋರಿಸಿಕೊಳ್ಳುವವಳು ಹೆಂಡತಿ, ಜೊತೆಗೆ ಅವಳಮ್ಮ. ಗಂಡ ಬೈಕಲ್ಲಿ ಬಿಟ್ಟು ಗೇಟ್ ಹತ್ತಿರ ನಿಂತಿರುತ್ತಾನೆ. ಮಕ್ಕಳಾಗಲಿ ಅಂತ ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವಾಗ ಮಾತ್ರ ಇಬ್ಬರೂ ಜೋಡಿಯಾಗಿ ಕೂರುತ್ತಾರೆ. ನಾವೂ ಕೂತಿದ್ದೆವು, ಅದಕ್ಕೆ ನನ್ನ ತಕರಾರಿಲ್ಲ. ಆಸ್ಪತ್ರೆಗೂ ಹಾಗೇ ಹೋಗಿ ಅಂತೀನಿ, ಅಷ್ಟೇ.

ನಮ್ಮ ಡಾಕ್ಟರಮ್ಮ ಮೊದಲ ದಿನವೇ ನನಗೆ ವೀರ್ಯ ಪರೀಕ್ಷೆ ಬರೆದರು. "ಸೂಜಿ ಇಲ್ಲ, ನೋವಿಲ್ಲ. ನಿಮ್ಮ ರಿಪೋರ್ಟ್ ಬರದೆ ಅವರಿಗೆ ಗರ್ಭನಾಳದ ಟ್ಯೂಬ್ ಟೆಸ್ಟ್ ಮಾಡಲ್ಲ" ಅಂದರು. ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ದಿನ, ಹೆಚ್ಚೆಂದರೆ ಏಳು ದಿನ ವೀರ್ಯ ಹೊರಹೋಗದಂತೆ ಇರಬೇಕು. ಲ್ಯಾಬಿನ ಹುಡುಗ ಪರಿಚಯದವನು. ಡಬ್ಬಿ ಕೊಡುವಾಗ ಅವನೂ ನೆಲ ನೋಡಿದ, ನಾನೂ ನೋಡಿದೆ. ಮನೆಯಲ್ಲೇ ಸ್ಯಾಂಪಲ್ ತೆಗೆಯಬಹುದು, ಆದರೆ ತಣ್ಣಗಾಗಬಾರದು, ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಮುಚ್ಚಳ ಬಿಗಿ ಮಾಡಿ ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಒಬ್ಬರು ಗಾಡಿ ನಿಲ್ಲಿಸಿ ರೇಷ್ಮೆ ಗೂಡಿನ ರೇಟು ಕೇಳಿದರು. ಅಂಥ ದಿನವೇ ಎಲ್ಲರಿಗೂ ರೇಟು ಬೇಕಾಗುತ್ತೆ!

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಕೆಳಗಿನ ಗಡಿ. ನೂರಕ್ಕೆ 42 ಆದರೂ ಚಲಿಸುತ್ತಿರಬೇಕು. ನನ್ನದು ಎರಡರಲ್ಲೂ ತೀರಾ ಕಡಿಮೆ. ಜ್ವರ ಬಂದು ಹೋಗಿದ್ದರೂ ಕೌಂಟ್ ಇಳಿಯುತ್ತದಂತೆ, ಅದಕ್ಕೇ ಒಂದೇ ರಿಪೋರ್ಟ್ ನಂಬದೆ ಇನ್ನೊಮ್ಮೆ ಮಾಡಿಸಿದರು. ಅದೂ ಅಷ್ಟೇ.

ಆಮೇಲೆ ಕೇಳಿದ್ದು, ಏನು ಕೆಲಸ ಅಂತ. ನಮ್ಮದು ರೇಷ್ಮೆ ಫಿಲೇಚರ್, ಅಂದರೆ ಗೂಡಿನಿಂದ ನೂಲು ತೆಗೆಯುವ ಘಟಕ. ಬೆಳಗಿಂದ ಗೂಡು ಬೇಯಿಸುವ ಒಲೆ ಮುಂದೆ ನನ್ನ ಜಾಗ. ವೃಷಣ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು, ದೇವರು ಅದನ್ನು ಹೊರಗಿಟ್ಟಿರುವುದೇ ಅದಕ್ಕೆ. ಬಿಸಿಯೊಂದೇ ಕಾರಣ ಅಂತ ಡಾಕ್ಟರೂ ಹೇಳಲಿಲ್ಲ. ಯೂರಾಲಜಿಸ್ಟ್ (ಮೂತ್ರಾಂಗದ ಡಾಕ್ಟರು) ನನ್ನನ್ನು ನಿಲ್ಲಿಸಿ, ಉಸಿರು ಬಿಗಿಹಿಡಿಸಿ, ಅಲ್ಲಿನ ರಕ್ತನಾಳ ಊದಿದೆಯಾ ಅಂತ ನೋಡಿದರು. ಅದಿದ್ದರೆ ಆಪರೇಷನ್ನಿಂದ ಎಷ್ಟೋ ಜನಕ್ಕೆ ಅನುಕೂಲ ಆಗುತ್ತದೆ. ನನಗಿರಲಿಲ್ಲ. ಜಿಮ್‌ನವರು ಕೊಡುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡಿದ್ದೀರಾ ಅಂತಲೂ ಕೇಳಿದರು. ಗಂಡಸುತನಕ್ಕೆ ಅಂತ ಹಾಕಿಸಿಕೊಳ್ಳುವ ಅದೇ ಇಂಜೆಕ್ಷನ್ ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸಬಲ್ಲದು.

ಗುಟ್ಕಾ ಬಿಟ್ಟೆ. ಒಲೆ ಅಣ್ಣನಿಗೆ ಬಿಟ್ಟು ಮಾರ್ಕೆಟ್ ಹರಾಜು ನಾನು ನೋಡಿಕೊಂಡೆ (ಅಣ್ಣನಿಗಾಗಲೇ ಮೂರು ಮಕ್ಕಳು). ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಮೂರು ತಿಂಗಳಿಗೆ ಮೊದಲು ಮತ್ತೆ ಟೆಸ್ಟ್ ಮಾಡಿಸಿ ಸುಮ್ನೆ ಬೇಜಾರಾಗಬೇಡಿ. ಕೌಂಟ್ ಏರಿತು, ಆದರೆ ಸಾಕಾಗುವಷ್ಟಲ್ಲ.

ಅಷ್ಟರಲ್ಲಿ ಅವಳ ಸ್ಕ್ಯಾನ್, ಥೈರಾಯ್ಡ್, ಟ್ಯೂಬ್ ಟೆಸ್ಟ್ ಎಲ್ಲ ಆಗಿ, ಸರಿಯಿತ್ತು. ವೀರ್ಯ ತೊಳೆದು ಚುರುಕಾದವನ್ನು ಗರ್ಭಕೋಶಕ್ಕೆ ಬಿಡುವ ಐಯುಐ ಮಾಡಿದರು. ಆಗಲಿಲ್ಲ. ಉಳಿದಿದ್ದು ಇಕ್ಸಿ. ಐವಿಎಫ್‌ನಲ್ಲಿ ಮೊಟ್ಟೆ, ವೀರ್ಯ ಲ್ಯಾಬಿನಲ್ಲಿ ಒಟ್ಟಿಗೆ ಇಟ್ಟು ತಾನಾಗೇ ಕೂಡಲು ಬಿಡುತ್ತಾರೆ. ಇಕ್ಸಿಯಲ್ಲಿ ಒಂದೊಂದು ಮೊಟ್ಟೆಯೊಳಗೆ ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುತ್ತಾರೆ. ಕೌಂಟ್ ತೀರಾ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಇದೇ ದಾರಿ. ಬೆಂಗಳೂರಿನ ಒಂದು ಕಡೆ ನನ್ನ ರಿಪೋರ್ಟ್ ಬಿಚ್ಚದೆಯೇ ಪ್ಯಾಕೇಜ್ ರೇಟು ಹೇಳಿದರು. ಎದ್ದು ಬಂದೆವು. ಇಂಥ ಚಿಕಿತ್ಸೆಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಇದೆಯಾ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ಮೊಟ್ಟೆ ಬೆಳೆಯಲು ಅವಳಿಗೆ ಹತ್ತು ಹನ್ನೆರಡು ದಿನದ ಇಂಜೆಕ್ಷನ್ ನಾನೇ ಹಾಕಿದೆ. ಹೊಕ್ಕುಳಿಂದ ಎರಡು ಬೆರಳು ಬಿಟ್ಟು, ಚರ್ಮ ಹಿಡಿದೆತ್ತಿ, ಇವತ್ತು ಎಡಕ್ಕೆ, ನಾಳೆ ಬಲಕ್ಕೆ. ಮೊದಲ ಸಲ ಕೈ ನಡುಗಿದ್ದು ನನಗೇ, ಅವಳು ಟಿವಿ ನೋಡುತ್ತಿದ್ದಳು. ಫ್ರಿಜ್ಜಿನಲ್ಲಿಡಿ ಅಂದ ಔಷಧಿಯನ್ನು ಫ್ರೀಜರಿಗೆ ಹಾಕಬೇಡಿ, ಗಟ್ಟಿಯಾದರೆ ಹಾಳು. ಮೊಟ್ಟೆ ಹಣ್ಣಾಗಿಸುವ ಕೊನೆಯ ಟ್ರಿಗರ್ ಇಂಜೆಕ್ಷನ್ ಹೇಳಿದ ಗಂಟೆಗೇ ಆಗಬೇಕು, ಸುಮಾರು 36 ಗಂಟೆಗೆ ಮೊಟ್ಟೆ ತೆಗೆಯುವ ಲೆಕ್ಕ ಅದರ ಮೇಲೇ ನಿಂತಿರುತ್ತದೆ. ಆಮೇಲೆ ಹೊಟ್ಟೆ ತುಂಬಾ ಉಬ್ಬಿದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯದೆ ಫೋನ್ ಮಾಡಿ. ಹೇಳಿದ ದಿನಕ್ಕೆ ಮೊದಲೇ ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ ತಂದು ನೋಡಬೇಡಿ, ಬಸುರಾಗದಿದ್ದರೂ ಟ್ರಿಗರ್ ಔಷಧಿ ಮೈಯಲ್ಲಿದ್ದರೆ ಎರಡು ಗೆರೆ ಬರಬಹುದು.

ಮೊದಲ ಭ್ರೂಣ ನಿಲ್ಲಲಿಲ್ಲ. ಫ್ರೀಜ್ ಮಾಡಿಟ್ಟಿದ್ದರಲ್ಲಿ ಮಗಳು ಹುಟ್ಟಿದಳು. ಉಳಿದವು ಇನ್ನೂ ಅಲ್ಲೇ ಇವೆ. ಕಾಯ್ದೆ ಪ್ರಕಾರ ಹತ್ತು ವರ್ಷ ಇಡಬಹುದು, ವರ್ಷಕ್ಕೊಮ್ಮೆ ಬಾಡಿಗೆ ಕಟ್ಟುತ್ತೇವೆ. ಅದು ಪ್ಯಾಕೇಜಲ್ಲಿ ಸೇರಿರಲಿಲ್ಲ. ರೇಟು ಕೇಳುವಾಗ ಇಂಜೆಕ್ಷನ್, ಫ್ರೀಜಿಂಗ್, ಎರಡನೇ ಸಲ ಭ್ರೂಣ ಹಾಕುವುದು, ಒಂದೊಂದಕ್ಕೂ ಎಷ್ಟೆಂದು ಬೇರೆ ಬೇರೆ ಬರೆಸಿಕೊಳ್ಳಿ.